ಶಾಲೆಯ ಪುಟ್ಟ ಜಾಝ್ ಬ್ಯಾಂಡ್‌ಗೆ ಮೊದಲ ಟ್ಯೂನ್‌ಗಳನ್ನು ಆರಿಸುವ ಬಗೆ

ನಮ್ಮ ಶಾಲೆಯಲ್ಲಿ ಜಾಝ್ ಬ್ಯಾಂಡ್ ಶುರು ಮಾಡಿದ ಮೊದಲ ವರ್ಷ ನಾನು ಆರಿಸಿದ್ದು ನನಗೆ ಇಷ್ಟವಾದ ಟ್ಯೂನ್. ರೆಕಾರ್ಡ್‌ನಲ್ಲಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಟ್ರಂಪೆಟ್‌ಗಳು ಮೇಲಿನ ಸ್ಥಾಯಿಗೆ ಹಾರುತ್ತವೆ, ಸ್ಯಾಕ್ಸೊಫೋನ್‌ಗಳು ತೊರೆಯ ಹಾಗೆ ಓಡುತ್ತವೆ. ಆರು ತಿಂಗಳು ಅಭ್ಯಾಸ ಮಾಡಿಸಿದೆ. ವಾರ್ಷಿಕೋತ್ಸವದ ದಿನ ಅರ್ಧ ದಾರಿಯಲ್ಲೇ ಟ್ರಂಪೆಟ್ ಹುಡುಗನ ತುಟಿ ಸೋತಿತು. ಅವನ ಹಿಂದೆ ಒಬ್ಬೊಬ್ಬರೇ ನಿಂತರು. ಕೊನೆಗೆ ಡ್ರಮ್ಸ್ ಮತ್ತು ಕೀಬೋರ್ಡ್ ಮಾತ್ರ ಉಳಿದವು. ಆ ಹುಡುಗ ಒಂದು ತಿಂಗಳು ಟ್ರಂಪೆಟ್ ಪೆಟ್ಟಿಗೆ ತೆರೆಯಲಿಲ್ಲ.

ಅದೇ ಹುಡುಗ ಒಂದು ಸಂಜೆ ಬಸ್ಸಿಗೆ ಕಾಯುತ್ತಾ ಏನೋ ಗುನುಗುತ್ತಿದ್ದ. ಕಿವಿಗೊಟ್ಟು ಕೇಳಿದೆ. ವೇದಿಕೆಯ ಟ್ಯೂನ್ ಅಲ್ಲ. ಕ್ಲಾಸಿನ ಶುರುವಿನಲ್ಲಿ ನಾವು ಸುಮ್ನೆ ನುಡಿಸುತ್ತಿದ್ದ ನಾಲ್ಕು ಸ್ವರದ ಸಾಲು. ಅವನಿಗೆ ಹಿಡಿಸಿದ್ದು ಅದು. ಅವನ ಗಂಟಲಿಗೆ ಸಲೀಸಾಗಿ ಬಂದದ್ದೂ ಅದೇ.

ಅಂದಿನಿಂದ ನನ್ನ ಅಳತೆಗೋಲು ಒಂದೇ. ಮಗು ಬಸ್‌ಸ್ಟ್ಯಾಂಡಿನಲ್ಲಿ ಗುನುಗಬಲ್ಲ ಟ್ಯೂನನ್ನು ಬ್ಯಾಂಡ್‌ನಲ್ಲಿ ನುಡಿಸಬಲ್ಲದು. ಕೊಡಗಿನ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆಯ ಶಾಲೆಗಳಲ್ಲಿ ಮಾರ್ಚ್‌ಪಾಸ್ಟ್ ಬ್ಯಾಂಡ್ ಇಟ್ಟುಕೊಂಡು, ಅದರಿಂದಲೇ ಜಾಝ್ ಕಡೆ ಹೊರಳಬೇಕು ಅಂದುಕೊಂಡ ಮೇಷ್ಟ್ರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಕ್ಕಳ ಪಟ್ಟಿ, ಆಮೇಲೆ ಟ್ಯೂನ್

ಪುಸ್ತಕದಲ್ಲಿ ಓದಿದರೆ ದೊಡ್ಡ ಜಾಝ್ ಬ್ಯಾಂಡ್ ಅಂದರೆ ಸುಮಾರು 17 ಜನ. ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಜೊತೆಗೆ ಪಿಯಾನೊ, ಗಿಟಾರ್, ಬೇಸ್, ಡ್ರಮ್ಸ್. ನಮ್ಮಲ್ಲಿ ಹಾಗೆ ಎಲ್ಲಿ ಸಿಗುತ್ತದೆ? ಎರಡು ಟ್ರಂಪೆಟ್, ಒಂದು ಆಲ್ಟೊ ಸ್ಯಾಕ್ಸೊಫೋನ್, ಮೂರು ಕ್ಲಾರಿನೆಟ್, ಒಂದು ಯೂಫೋನಿಯಂ (ಮಂದ್ರ ಸ್ವರದ ಹಿತ್ತಾಳೆ ವಾದ್ಯ), ಕೀಬೋರ್ಡ್ ಕಲಿತ ನಾಲ್ಕು ಮಕ್ಕಳು, ಗಿಟಾರ್ ಹಿಡಿದ ಆರು ಮಕ್ಕಳು. ಇದೇ ನಿಮ್ಮ ಬ್ಯಾಂಡ್. ಇದರ ಬಗ್ಗೆ ನಾಚಿಕೆ ಬೇಡ.

ಒಂದು ಹಾಳೆಯಲ್ಲಿ ಪ್ರತಿ ಮಗುವಿನ ಹೆಸರು, ವಾದ್ಯ, ಮತ್ತು ಇವತ್ತು ಚೊಕ್ಕವಾಗಿ ಬರುವ ಸ್ವರಗಳನ್ನು ಬರೆಯಿರಿ. "ಕಲಿಸಿದ್ದೇನೆ" ಅನ್ನುವ ಸ್ವರಗಳು ಬೇಡ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬರುವ ಸ್ವರಗಳು ಮಾತ್ರ. ಮೊದಲ ವರ್ಷದ ಟ್ರಂಪೆಟ್ ಮಗುವಿಗೆ ಇದು ಕೆಳಗಿನ ಸಿ ಇಂದ ಜಿ ವರೆಗೆ ಐದೇ ಸ್ವರ ಇರಬಹುದು (ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳ ಹೆಸರು ಎ ಇಂದ ಜಿ ವರೆಗೆ). ಎರಡನೇ ವರ್ಷದಲ್ಲಿ ಮೇಲಿನ ಸಿ ಬರುತ್ತದೆ. ಕ್ಲಾರಿನೆಟ್‌ಗೆ ನಡುವೆ ಒಂದು ಕಷ್ಟದ ದಾಟು ಇದೆ. ಬಿ ಫ್ಲಾಟ್ (ಬಿ ಗಿಂತ ಅರ್ಧ ಸ್ವರ ಕೆಳಗೆ) ನುಡಿಸುವಾಗ ತೂತುಗಳೆಲ್ಲ ತೆರೆದಿರುತ್ತವೆ, ಅದರ ಮೇಲಿನ ಬಿ ಸ್ವರಕ್ಕೆ ಒಮ್ಮೆಲೇ ಎಲ್ಲ ತೂತು ಮುಚ್ಚಬೇಕು. ಸ್ಯಾಕ್ಸೊಫೋನ್‌ನಲ್ಲಿ ಇಂಥದ್ದೇ ದಾಟು ನಡುವಿನ ಸಿ ಮತ್ತು ಡಿ ಮಧ್ಯೆ ಇದೆ. ಟ್ಯೂನ್ ಈ ದಾಟನ್ನು ಮತ್ತೆಮತ್ತೆ ಹತ್ತಿ ಇಳಿಯುತ್ತಿದ್ದರೆ ಸದ್ಯಕ್ಕೆ ಬಿಟ್ಟುಬಿಡಿ.

ಹಾಳೆ ಪೂರ್ತಿಯಾದ ಮೇಲೆ ಎಲ್ಲಕ್ಕಿಂತ ಕಡಿಮೆ ಸ್ವರ ಬರುವ ಮಗುವಿನ ಹೆಸರಿಗೆ ಗುರುತು ಹಾಕಿ. ಟ್ಯೂನ್ ಆರಿಸುವುದು ಆ ಮಗುವಿಗಾಗಿ. ಚೆನ್ನಾಗಿ ನುಡಿಸುವ ಮಗುವಿಗೆ ಸೋಲೊ (ಒಬ್ಬರೇ ನುಡಿಸುವ ಭಾಗ) ಕೊಟ್ಟು ಕೆಲಸ ಹೆಚ್ಚಿಸಬಹುದು. ಸೋತ ಮಗುವಿಗೆ ಟ್ಯೂನನ್ನು ಚಿಕ್ಕದು ಮಾಡಿ ಕೊಡುವುದು ತುಂಬಾ ಕಷ್ಟ.

ಶ್ರುತಿ: ಅರ್ಧ ಜಗಳ ಇಲ್ಲೇ ತೀರುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತುಂಬಾ ಬ್ಯಾಂಡ್‌ಗಳು ಎಡವುವುದು ಇಲ್ಲಿಯೇ.

ಕೀಬೋರ್ಡ್‌ನಲ್ಲಿ ಸಿ ಒತ್ತಿದರೆ ಸಿ ಕೇಳುತ್ತದೆ. ಟ್ರಂಪೆಟ್ ಮಗು ಹಾಳೆ ನೋಡಿ ಸಿ ನುಡಿಸಿದರೆ ಕೇಳುವುದು ಬಿ ಫ್ಲಾಟ್. ಕ್ಲಾರಿನೆಟ್ಟೂ, ಟೆನರ್ ಸ್ಯಾಕ್ಸೊಫೋನೂ ಹಾಗೆಯೇ. ಆಲ್ಟೊ ಸ್ಯಾಕ್ಸೊಫೋನ್‌ನ ಸಿ ಕೇಳುವುದು ಇ ಫ್ಲಾಟ್ ಆಗಿ. ಸರಿಗಮ ಕಲಿತ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಒಂದೊಂದು ವಾದ್ಯಕ್ಕೂ ಅದರದೇ ಷಡ್ಜ ಇದೆ ಅನ್ನಿ, ಥಟ್ಟನೆ ಅರ್ಥವಾಗುತ್ತದೆ.

ಈಗ ತೊಂದರೆ ನೋಡಿ. ಗಿಟಾರ್ ಮಕ್ಕಳಿಗೆ ಇ ಮತ್ತು ಎ ತುಂಬಾ ಪ್ರೀತಿ, ಬೆರಳು ಸಲೀಸಾಗಿ ಕೂರುತ್ತದೆ. ಅವರ ಮಾತು ಕೇಳಿ ಇ ಶ್ರುತಿಯಲ್ಲಿ ಟ್ಯೂನ್ ಇಟ್ಟರೆ ಟ್ರಂಪೆಟ್ ಮಗುವಿನ ಹಾಳೆಯಲ್ಲಿ ಆರು ಶಾರ್ಪ್ (ಸ್ವರವನ್ನು ಅರ್ಧ ಏರಿಸುವ ಗುರುತು), ಆಲ್ಟೊ ಹಾಳೆಯಲ್ಲಿ ಏಳು ಶಾರ್ಪ್. ಆರನೇ ಕ್ಲಾಸಿನ ಮಗುವಿಗೆ ಆ ಹಾಳೆ ಮುಳ್ಳಿನ ಬೇಲಿಯಂತೆ ಕಾಣುತ್ತದೆ. ಅದೇ ಟ್ಯೂನನ್ನು ಕೀಬೋರ್ಡ್‌ನ ಬಿ ಫ್ಲಾಟ್‌ಗೆ ತನ್ನಿ. ಟ್ರಂಪೆಟ್‌ಗೆ ಸಿ, ಒಂದೂ ಶಾರ್ಪ್ ಇಲ್ಲ. ಆಲ್ಟೊಗೆ ಜಿ, ಒಂದೇ ಶಾರ್ಪ್. ಗಿಟಾರ್ ಮಕ್ಕಳಿಗೆ ಒಂದು ಕ್ಯಾಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಕೊಡಿಸಿ, ಮೊದಲನೇ ಫ್ರೆಟ್‌ಗೆ ಹಾಕಿದರೆ ಅವರು ಎ ಆಕಾರವನ್ನೇ ಹಿಡಿದು ಬಿ ಫ್ಲಾಟ್ ನುಡಿಸಬಹುದು.

ಮೊದಲ ವರ್ಷ ಕೀಬೋರ್ಡ್‌ನ ಬಿ ಫ್ಲಾಟ್, ಎಫ್, ಇ ಫ್ಲಾಟ್ ಇವು ಮೂರೇ ಸಾಕು. ನಾನಂತೂ ಮೊದಲ ಮೂರು ಟ್ಯೂನನ್ನೂ ಬಿ ಫ್ಲಾಟ್‌ನಲ್ಲೇ ಇಡುತ್ತೇನೆ. ಕೇಳುವವರಿಗೆ ಬೇಸರವಾಗಬಹುದು ಅಂತ ಕೆಲವರು ಹೇಳುತ್ತಾರೆ. ಅಪ್ಪ ಅಮ್ಮಂದಿರಿಗೆ ಶ್ರುತಿ ಬದಲಾಗಲಿಲ್ಲ ಅನ್ನುವುದು ಗೊತ್ತಾಗುವುದಿಲ್ಲ, ಮಗು ತಡವರಿಸಿದ್ದು ಗೊತ್ತಾಗುತ್ತದೆ.

ಹಾಡಿ ನೋಡುವ ಪರೀಕ್ಷೆ

ವಾದ್ಯ ಪೆಟ್ಟಿಗೆಯಲ್ಲೇ ಇರಲಿ. ಟ್ಯೂನನ್ನು ನೀವು ನಾಲ್ಕು ಸಲ ಹಾಡಿ, ಅಥವಾ ಕೀಬೋರ್ಡ್‌ನಲ್ಲಿ ನುಡಿಸಿ. ಐದನೇ ಸಲ ಮಕ್ಕಳು "ಲಾ ಲಾ" ಅಂತ ಹಾಡಲಿ. ಹತ್ತು ನಿಮಿಷದಲ್ಲಿ ಎಲ್ಲರೂ ಒಟ್ಟಿಗೆ ಹಾಡಿದರೆ ಪಾಸು. ಹಾಡುವಾಗಲೇ ಎಲ್ಲೋ ಒಂದು ಕಡೆ ಎಲ್ಲರ ಸ್ವರ ಚದುರಿದರೆ ಆ ಜಾಗಕ್ಕೆ ಗುರುತು ಹಾಕಿ. ವಾದ್ಯದಲ್ಲಿ ಎಡವುವುದೂ ಅಲ್ಲೇ. ಅಂಥ ಜಾಗ ಒಂದಿದ್ದರೆ ಕಲಿಸಬಹುದು. ಮೂರು ನಾಲ್ಕು ಇದ್ದರೆ ಬೇರೆ ಟ್ಯೂನ್ ಹುಡುಕಿ.

ಮರುದಿನ ಏನೂ ಹೇಳದೆ "ನಿನ್ನೆಯ ಟ್ಯೂನ್ ಯಾರಿಗೆ ನೆನಪಿದೆ?" ಅಂತ ಕೇಳಿ. ರಾತ್ರಿ ಕಳೆದೂ ಉಳಿದದ್ದು ಒಳ್ಳೆಯ ಟ್ಯೂನ್.

ನಡೆ: ಎಡ-ಬಲದಿಂದ ಸ್ವಿಂಗ್‌ಗೆ

ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಕವಾಯತು ಚೆನ್ನಾಗಿ ಬರುತ್ತದೆ. ಆಗಸ್ಟ್ 15, ಜನವರಿ 26ರ ಪರೇಡ್‌ಗೆ ವರ್ಷವಿಡೀ ತಯಾರಿ. ಎಷ್ಟೋ ಮನೆಗಳಲ್ಲಿ ಸೇನೆಯಲ್ಲಿದ್ದು ಬಂದವರಿದ್ದಾರೆ, ಅಜ್ಜಂದಿರೇ ತಿದ್ದುತ್ತಾರೆ. ಮಾರ್ಚ್‌ನಲ್ಲಿ ಒತ್ತು 1 ಮತ್ತು 3ರ ಮೇಲೆ ಬೀಳುತ್ತದೆ. ಜಾಝ್‌ನಲ್ಲಿ ಚಪ್ಪಾಳೆ ಬೀಳಬೇಕಾದ್ದು 2 ಮತ್ತು 4ರ ಮೇಲೆ. ಇದನ್ನು ಬಾಯಲ್ಲಿ ವಿವರಿಸಬೇಡಿ. ಮಕ್ಕಳನ್ನು ನಿಂತಲ್ಲೇ ಎಡ-ಬಲ ಹೆಜ್ಜೆ ಹಾಕಿಸಿ. ಕಾಲು ನಡೆಯುತ್ತಿರಲಿ, ಬಲಗಾಲು ನೆಲ ಮುಟ್ಟಿದಾಗಲೆಲ್ಲ ಚಪ್ಪಾಳೆ. ಐದು ನಿಮಿಷದಲ್ಲಿ ಮುಖದ ಮೇಲೆ ನಗು ಬರುತ್ತದೆ.

ಸ್ವಿಂಗ್ ಕಲಿಸಲು ನಮ್ಮ ತಿಸ್ರ ನಡೆ ಸಾಕು. ಒಂದು ಪೆಟ್ಟಿಗೆ "ತಕಿಟ" ಅನ್ನಿಸಿ. ಆಮೇಲೆ ನಡುವಿನ "ಕಿ" ನುಂಗಿಸಿ. "ತ–ಟ, ತ–ಟ, ತ–ಟ". ಹಾಳೆಯಲ್ಲಿ ಸಮನಾಗಿ ಬರೆದ ಎರಡು ಸ್ವರಗಳನ್ನು ಜಾಝ್‌ನವರು ಹೀಗೆ ಉದ್ದ-ಗಿಡ್ಡವಾಗಿ ನುಡಿಸುತ್ತಾರೆ. ವಾಲಗಕ್ಕೆ ಕುಣಿದು ಬೆಳೆದ ಮಕ್ಕಳಿಗೆ ತಾಳ ಮೊದಲು ಮೈಗೆ ಬರುತ್ತದೆ, ಲೆಕ್ಕ ಆಮೇಲೆ. ಆ ಕ್ರಮವನ್ನು ಕೆಡಿಸದೆ ಹಾಗೇ ಬಳಸಿಕೊಳ್ಳಿ.

ವೇಗದ ಬಗ್ಗೆ ಒಂದು ಎಚ್ಚರಿಕೆ. ನಿಮಿಷಕ್ಕೆ 100ರಿಂದ 120 ಪೆಟ್ಟಿನ ಟ್ಯೂನ್ ಹುಡುಕಿ. 160 ದಾಟಿದರೆ ಬೆರಳು ಸೋಲುತ್ತದೆ. 70ಕ್ಕೆ ಇಳಿದರೆ ಇನ್ನೂ ಕಷ್ಟ. ನಿಧಾನ ಅಂದರೆ ಸುಲಭ ಅಂತ ನಾವು ತಿಳಿದಿರುತ್ತೇವೆ ಅಲ್ವಾ? ನಿಧಾನದ ಟ್ಯೂನ್‌ಗೆ ಉದ್ದ ಉಸಿರು ಬೇಕು, ಶ್ರುತಿ ಸ್ವಲ್ಪ ಜಾರಿದರೂ ಸಭೆಯ ಕೊನೇ ಸಾಲಿಗೂ ಕೇಳಿಸುತ್ತದೆ. ಮೊದಲ ವರ್ಷ ಅದರ ಗೋಜು ಬೇಡ.

ಹನ್ನೆರಡು ಬಾರ್‌ನ ಮನೆ

ಮೊದಲ ಟ್ಯೂನ್ ಬ್ಲೂಸ್ ಆಗಿರಲಿ, ಅಂದರೆ 12 ಬಾರ್‌ನ ಒಂದೇ ಸುತ್ತು ಮತ್ತೆಮತ್ತೆ ಬರುವ ಬಗೆ. ನಾಲ್ಕು ಪೆಟ್ಟಿನ ಒಂದು ಆವರ್ತ ಒಂದು ಬಾರ್. ಕಾರಣ ಸರಳ. 12 ಬಾರ್ ಕಲಿತರೆ ನೂರಾರು ಟ್ಯೂನ್‌ಗಳ ಬಾಗಿಲು ತೆರೆಯುತ್ತದೆ, ಮತ್ತು ಅದರಲ್ಲಿ ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಬಿ ಫ್ಲಾಟ್‌ನಲ್ಲಿ ಹೇಳುವುದಾದರೆ ಮೊದಲ 4 ಬಾರ್ ಬಿ ಫ್ಲಾಟ್, ಮುಂದಿನ 2 ಇ ಫ್ಲಾಟ್, ಮತ್ತೆ 2 ಬಿ ಫ್ಲಾಟ್, ಆಮೇಲೆ ಎಫ್ ಒಂದು, ಇ ಫ್ಲಾಟ್ ಒಂದು, ಕೊನೆಗೆ ಬಿ ಫ್ಲಾಟ್ ಎರಡು. ಸ್ವರದಲ್ಲಿ ಹೇಳಿದರೆ ಸ ನಾಲ್ಕು, ಮ ಎರಡು, ಸ ಎರಡು, ಪ ಒಂದು, ಮ ಒಂದು, ಸ ಎರಡು. ನಾನು ಇದನ್ನು ಅಂಗಳದಲ್ಲಿ ಸುಣ್ಣದಿಂದ 12 ಚೌಕ ಬರೆದು ಆಡಿಸುತ್ತೇನೆ. ಒಂದು ಚೌಕಕ್ಕೆ ನಾಲ್ಕು ಹೆಜ್ಜೆ. "ಮ" ಬರೆದ ಚೌಕಕ್ಕೆ ಬಂದಾಗ ಎಲ್ಲರೂ ಕೈ ಎತ್ತಬೇಕು. ಮಳೆ ಬಂದರೆ ಕಾರಿಡಾರ್‌ನಲ್ಲಿ ಸೀಮೆಸುಣ್ಣ.

ಜಾಝ್ ಅಂದಮೇಲೆ ಮನೋಧರ್ಮ ಬೇಕೇಬೇಕು. ಸೋಲೊ ಇಲ್ಲದ ಟ್ಯೂನ್ ಆರಿಸಬೇಡಿ. ಹಾಗಂತ ಮಗುವಿನ ಮುಂದೆ ಹತ್ತು ಕಾರ್ಡ್‌ಗಳ ಹೆಸರು ಬರೆದಿಟ್ಟು "ಈಗ ನಿನ್ನ ಇಷ್ಟದಂತೆ ನುಡಿಸು" ಅಂದರೆ ಅದು ಬೆವರುತ್ತದೆ. ಬ್ಲೂಸ್‌ಗೆ ಐದು ಸ್ವರ ಸಾಕು. ಸ, ಸಾಧಾರಣ ಗ, ಶುದ್ಧ ಮ, ಪ, ಕೈಶಿಕಿ ನಿ. ಹೌದು, ನಮ್ಮ ಶುದ್ಧ ಧನ್ಯಾಸಿ ರಾಗದ ಸ್ವರಗಳೇ. ಟ್ರಂಪೆಟ್ ಹಾಳೆಯಲ್ಲಿ ಇದು ಸಿ, ಇ ಫ್ಲಾಟ್, ಎಫ್, ಜಿ, ಬಿ ಫ್ಲಾಟ್. ಆಲ್ಟೊಗೆ ಜಿ, ಬಿ ಫ್ಲಾಟ್, ಸಿ, ಡಿ, ಎಫ್. ಮೂರೂ ಕಾರ್ಡ್‌ಗಳ ಮೇಲೆ ಇವೇ ಸ್ವರ ನಡೆಯುತ್ತವೆ. ಮೊದಲ ವಾರ ಎರಡೇ ಸ್ವರದಲ್ಲಿ ಸೋಲೊ ಮಾಡಿಸಿ. ಎರಡನೇ ವಾರ ಮೂರು. ಒಂದು ಮಗು ಎರಡು ಬಾರ್ ಪ್ರಶ್ನೆ ಕೇಳಿದರೆ ಇನ್ನೊಂದು ಎರಡು ಬಾರ್ ಉತ್ತರ ಕೊಡಲಿ.

ದೇವಸ್ಥಾನದ ಉತ್ಸವ, ಮದುವೆಗಳಲ್ಲಿ ಸ್ಯಾಕ್ಸೊಫೋನ್ ಕೇಳಿ ಕಲಿಯಲು ಬಂದ ಮಕ್ಕಳು ಸಂಪಾಜೆ, ಭಾಗಮಂಡಲ ಕಡೆಯಿಂದ ಸಿಗುತ್ತಾರೆ. ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಆ ದಾರಿಯಲ್ಲಿ ಬಂದ ಮಗುವಿಗೆ ಸ್ಟಾಫ್ ನೋಟೇಷನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಬರುವುದಿಲ್ಲ, ಆದರೆ ಕಿವಿ ಚುರುಕು. ಹಾಳೆಯ ಮೇಲೆ ಸರಿಗಮ ಬರೆದುಕೊಡಿ. ಬ್ಯಾಂಡ್‌ನಲ್ಲಿ ಮೊದಲ ಸೋಲೊ ನುಡಿಸುವುದು ಹೆಚ್ಚಾಗಿ ಅದೇ ಮಗು.

ನಾನು ಶುರು ಮಾಡಿಸುವ ಟ್ಯೂನ್‌ಗಳು

"ವೆನ್ ದ ಸೇಂಟ್ಸ್ ಗೋ ಮಾರ್ಚಿಂಗ್ ಇನ್". ನ್ಯೂ ಆರ್ಲಿಯನ್ಸ್‌ನ ಬೀದಿ ಬ್ಯಾಂಡ್‌ಗಳು ನುಡಿಸಿಕೊಂಡು ಬಂದ ಹಳೆಯ ಭಕ್ತಿಗೀತೆ. ಲೂಯಿ ಆರ್ಮ್‌ಸ್ಟ್ರಾಂಗ್ 1938ರಲ್ಲಿ ರೆಕಾರ್ಡ್ ಮಾಡಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಇಡೀ ಟ್ಯೂನ್ ಸ ರಿ ಗ ಮ ಪ ಐದು ಸ್ವರದಲ್ಲಿ ಮುಗಿಯುತ್ತದೆ. ಅಂದರೆ ಬಿ ಫ್ಲಾಟ್‌ನಲ್ಲಿಟ್ಟರೆ ಟ್ರಂಪೆಟ್ ಮಗು ಮೊದಲು ಕಲಿಯುವ ಅದೇ ಐದು ಸ್ವರ. ಮಾರ್ಚ್ ಮಾಡಿ ಬಂದ ಮಕ್ಕಳಿಗೆ ಕಾಲಿಗೂ ಹತ್ತುತ್ತದೆ. ಆಲ್ಟೊ ಮಗುವಿಗೆ ಮಾತ್ರ ಪಂಚಮ ಡಿ ಆಗಿ, ಆ ಕಷ್ಟದ ದಾಟಿನ ಮೇಲೆ ಬೀಳುತ್ತದೆ. ಅದೊಂದನ್ನು ಬೇರೆಯಾಗಿ ಅಭ್ಯಾಸ ಮಾಡಿಸಿ.

"ಸಿ ಜಾಮ್ ಬ್ಲೂಸ್". ಡ್ಯೂಕ್ ಎಲಿಂಗ್ಟನ್ ಬ್ಯಾಂಡ್ 1942ರಲ್ಲಿ ರೆಕಾರ್ಡ್ ಮಾಡಿದ್ದು. ಟ್ಯೂನ್‌ನಲ್ಲಿ ಇರುವುದು ಎರಡೇ ಸ್ವರ, ಪ ಮತ್ತು ಮೇಲಿನ ಸ. ಕಷ್ಟವೆಲ್ಲ ತಾಳದಲ್ಲಿ. ಎರಡು ಸ್ವರದಲ್ಲಿ ಇಷ್ಟು ಸೊಗಸು ತರಬಹುದು ಅಂತ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಟ್ಯೂನ್ ನನಗೆ ಗೊತ್ತಿಲ್ಲ. ಮೂಲ ಸಿ ಶ್ರುತಿಯಲ್ಲಿದೆ. ಬಿ ಫ್ಲಾಟ್‌ಗೆ ಇಳಿಸಿಕೊಳ್ಳಿ.

"ವಾಟರ್‌ಮೆಲನ್ ಮ್ಯಾನ್". ಹರ್ಬಿ ಹ್ಯಾನ್‌ಕಾಕ್ 1962ರಲ್ಲಿ ರೆಕಾರ್ಡ್ ಮಾಡಿದ ಟ್ಯೂನ್. ಇದು 16 ಬಾರ್, ನಡೆ ಸ್ವಿಂಗ್ ಅಲ್ಲ, ಸಮ ನಡೆ. ಸಿನಿಮಾ ಹಾಡು ಕೇಳಿ ಬೆಳೆದ ಡ್ರಮ್ಸ್ ಮಗುವಿಗೆ ಇದು ಬೇಗ ಒಲಿಯುತ್ತದೆ. ಎರಡು ಸ್ವಿಂಗ್ ಟ್ಯೂನ್‌ಗಳ ನಡುವೆ ಇಂಥದ್ದೊಂದು ಇರಲಿ.

ಎರಡನೇ ವರ್ಷಕ್ಕೆ ಮೈಲ್ಸ್ ಡೇವಿಸ್ 1959ರಲ್ಲಿ ರೆಕಾರ್ಡ್ ಮಾಡಿದ "ಸೋ ವಾಟ್". ಇಡೀ 32 ಬಾರ್‌ಗೆ ಖರಹರಪ್ರಿಯ ರಾಗದ ಸ್ವರಗಳು. 16 ಬಾರ್ ಡಿ ಷಡ್ಜ, ನಡುವೆ 8 ಬಾರ್ ಅರ್ಧ ಸ್ವರ ಮೇಲೆ, ಮತ್ತೆ 8 ಬಾರ್ ಕೆಳಗೆ. ಬೇಸ್ ಪ್ರಶ್ನೆ ಕೇಳುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರಿಸುತ್ತಾರೆ. ಬೇಸ್ ಗಿಟಾರ್ ಹಿಡಿದ ಮಗು ಗಟ್ಟಿ ಇದ್ದರೆ ಮಾತ್ರ ಮುಟ್ಟಿ.

"ನಮ್ಮದೇ ಧಾಟಿ ಒಂದನ್ನು ಜಾಝ್ ಮಾಡಬಾರದಾ ಸಾರ್?" ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಮಾಡಬಹುದು. ಆದರೆ ಕೊಂಬು-ಕೊಟ್ಟು-ವಾಲಗ (ಕೊಡಗಿನ ಊದುವ, ಬಾರಿಸುವ ವಾದ್ಯಗಳ ಮೇಳ) ಮದುವೆ ಮನೆಯಲ್ಲೂ ಇದೆ, ಸಾವಿನ ಮನೆಯಲ್ಲೂ ಇದೆ. ದುಡಿ (ಕೈಯಲ್ಲಿ ಹಿಡಿಯುವ ಪುಟ್ಟ ಚರ್ಮವಾದ್ಯ) ಹಿಡಿದು ಹಾಡುವುದರಲ್ಲಿ ಹಬ್ಬದ್ದು, ದೇವರದ್ದು ಎಲ್ಲ ಇದೆ. ಯಾವ ಧಾಟಿ ಎಲ್ಲಿಗೆ ಸೇರಿದ್ದು ಅಂತ ಊರಿನ ಹಿರಿಯರನ್ನು ಕೇಳದೆ ವೇದಿಕೆಗೆ ತರಬೇಡಿ. ಅವರು ಹೂಂ ಅಂದದ್ದನ್ನು ಮಾತ್ರ ತನ್ನಿ, ಮತ್ತು ಅವರನ್ನೇ ಕ್ಲಾಸಿಗೆ ಕರೆಸಿ ಹಾಡಿಸಿ.

ಸ್ಕೋರ್ ಕೊಳ್ಳುವಾಗ

ಸ್ಕೋರ್ ಅಂದರೆ ಟ್ಯೂನನ್ನು ಎಲ್ಲ ವಾದ್ಯಗಳಿಗೂ ಬರೆದ ಹಾಳೆಗಳು. ಪ್ರಕಾಶಕರು ಟ್ಯೂನ್‌ಗಳಿಗೆ ಗ್ರೇಡ್ ಹಾಕಿರುತ್ತಾರೆ. 1 ಅಂದರೆ ತೀರಾ ಸುಲಭ, ಮೇಲೆ ಹೋದಂತೆ ಕಷ್ಟ. ಇದನ್ನು ಹಾಗೇ ನಂಬಬೇಡಿ. ಆ ಅಳತೆ ಬ್ಯಾಂಡ್ ಒಂದು ಪೂರ್ತಿ ವಿಷಯವಾಗಿರುವ ಅಮೆರಿಕದ ಶಾಲೆಗಳದ್ದು. ನಮ್ಮಲ್ಲಿ ವಾರಕ್ಕೆ ಎರಡು ಪೀರಿಯಡ್ ಸಿಕ್ಕರೆ ಹೆಚ್ಚು. ನಿಮಗೆ ಸರಿ ಅನಿಸಿದ್ದಕ್ಕಿಂತ ಒಂದು ಗ್ರೇಡ್ ಕೆಳಗೆ ತೆಗೆದುಕೊಳ್ಳಿ.

"ಫ್ಲೆಕ್ಸ್" ಅಂತ ಬರೆದ ಸ್ಕೋರ್‌ಗಳು ನಮಗೆ ಹೇಳಿ ಮಾಡಿಸಿದಂತೆ. ನಾಲ್ಕೈದು ಪಾರ್ಟ್ (ಒಬ್ಬೊಬ್ಬರು ನುಡಿಸುವ ಸಾಲು) ಇರುತ್ತದೆ, ಪ್ರತಿಯೊಂದನ್ನೂ ಬೇರೆ ಬೇರೆ ವಾದ್ಯಕ್ಕೆ ಬರೆದುಕೊಟ್ಟಿರುತ್ತಾರೆ. ಯೂಫೋನಿಯಂ ಇದ್ದರೆ ಅದಕ್ಕೂ ಒಂದು ಸಿಗುತ್ತದೆ.

ಮಾದರಿ ಪುಟ ನೋಡುವಾಗ ಮೊದಲ ಟ್ರಂಪೆಟ್ ಪಾರ್ಟ್ ನೋಡಬೇಡಿ. ಎಲ್ಲಕ್ಕಿಂತ ಕೆಳಗಿನ ಪಾರ್ಟ್ ತೆರೆಯಿರಿ. ಅದರಲ್ಲಿ ಬರೀ ಉದ್ದ ಸ್ವರಗಳೇ ಇದ್ದರೆ ಆ ಟ್ಯೂನ್ ಬೇಡ. ಒಮ್ಮೆ ಕ್ಲಾರಿನೆಟ್ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು, "ಸಾರ್, ನಂಗೆ ಯಾವಾಗ ಟ್ಯೂನ್ ಬರುತ್ತೆ?" ಮೂರು ತಿಂಗಳಿಂದ ಅವಳು ಒಂದೇ ಸ್ವರ ಹಿಡಿದು ಕೂತಿದ್ದಳು. ಪ್ರತಿ ಮಗುವಿಗೂ ಎಲ್ಲಾದರೂ ಎಂಟು ಬಾರ್ ಟ್ಯೂನ್ ಸಿಗಲೇಬೇಕು. ಸ್ಕೋರ್‌ನಲ್ಲಿ ಇಲ್ಲದಿದ್ದರೆ ನೀವೇ ಕೈಯಲ್ಲಿ ಬರೆದುಕೊಡಿ. ಹಾಗೆಯೇ ಟ್ರಂಪೆಟ್ ಸಾಲಿನಲ್ಲಿ ವಿರಾಮ ಎಷ್ಟಿದೆ ನೋಡಿ. ಎಂಟು ಹದಿನಾರು ಬಾರ್‌ಗೊಮ್ಮೆ ತುಟಿಗೆ ಬಿಡುವು ಇರಲೇಬೇಕು.

ಇಂಟರ್ನೆಟ್‌ನಲ್ಲಿ ಕದ್ದ ಪಿಡಿಎಫ್ ಸಿಗುತ್ತದೆ. ಬೇಡ. ಒಂದು ಸೆಟ್ ಕೊಂಡರೆ ಶಾಲೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಕಾರ್ಯಕ್ರಮದ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕುವ ಮೊದಲೂ ಹಕ್ಕಿನ ಬಗ್ಗೆ ವಿಚಾರಿಸಿ.

ಕೊಡಗಿಗೇ ಬೇಕಾದ ಮೂರು ಪ್ರಶ್ನೆ

ಕರೆಂಟ್ ಹೋದರೆ ಈ ಟ್ಯೂನ್ ನಿಲ್ಲುತ್ತದೆಯೇ? ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ. ಕೀಬೋರ್ಡ್, ಬೇಸ್ ಎರಡೂ ಮೌನ. ಬೇಸ್ ಸಾಲನ್ನು ಯೂಫೋನಿಯಂಗೂ ಕಲಿಸಿಟ್ಟಿದ್ದರೆ ಅಭ್ಯಾಸ ಮುಂದುವರಿಯುತ್ತದೆ. ಅದಕ್ಕೆ ಅವಕಾಶ ಇರುವ ಟ್ಯೂನನ್ನೇ ಆರಿಸಿ.

ಇಬ್ಬರು ಬರದಿದ್ದರೆ ಏನಾಗುತ್ತದೆ? ಮಳೆ ರಜೆ ಇದ್ದೇ ಇದೆ. ಸಂಜೆ ಹಾಕಿ ಆಟದ ಪ್ರಾಕ್ಟೀಸ್‌ಗೆ ಅರ್ಧ ಬ್ಯಾಂಡ್ ಓಡುತ್ತದೆ, ತಡೆಯುವುದು ಸರಿಯೂ ಅಲ್ಲ. ಪ್ರತಿ ಪಾರ್ಟ್‌ಗೆ ಇಬ್ಬರಾದರೂ ಇರಲಿ. ಒಂದೇ ಮಗುವಿನ ಮೇಲೆ ನಿಂತ ಟ್ಯೂನ್ ನಮ್ಮ ಹವೆಗೆ ಹೊಂದುವುದಿಲ್ಲ.

ಎಷ್ಟು ಅಭ್ಯಾಸ ನಿಜಕ್ಕೂ ಸಿಗುತ್ತದೆ? ಕ್ಯಾಲೆಂಡರ್ ತೆಗೆದು ದಸರಾ ರಜೆ, ಪುತ್ತರಿ ಹಬ್ಬ, ಪರೀಕ್ಷೆ, ಮಳೆ ಎಲ್ಲ ಕಳೆಯಿರಿ. ಉಳಿದ ಪೀರಿಯಡ್‌ಗಳನ್ನು ಎಂಟರಿಂದ ಭಾಗಿಸಿ. ಅಷ್ಟೇ ಟ್ಯೂನ್. ನನಗೆ ಸಾಮಾನ್ಯವಾಗಿ ಮೂರು ಬರುತ್ತದೆ. ಅಂದಹಾಗೆ ಮಳೆಗಾಲದಲ್ಲಿ ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳ ರೀಡ್ (ಬಾಯಿಗಿಡುವ ತೆಳು ಪಟ್ಟಿ) ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಒರೆಸಿ, ಗಾಳಿಯಾಡುವ ಕಡೆ ಚಪ್ಪಟೆಯಾಗಿಡಿ. ರೀಡ್ ಕೆಟ್ಟು ಕೀರಲು ಸ್ವರ ಬಂದರೆ ಟ್ಯೂನ್ ಕಷ್ಟ ಅಂತ ತಪ್ಪು ತಿಳಿಯುತ್ತೇವೆ.

ಮೂರು ಕ್ಲಾಸಿನ ಗಡುವು

ಹೊಸ ಟ್ಯೂನ್‌ಗೆ ಮೂರು ಕ್ಲಾಸ್ ಕೊಡಿ. ಮೊದಲನೆಯದರಲ್ಲಿ ಹಾಡಿ, ಎರಡನೆಯದರಲ್ಲಿ ಸಾಲು ಸಾಲಾಗಿ ನುಡಿಸಿ, ಮೂರನೆಯದರಲ್ಲಿ ನಿಧಾನವಾಗಿಯಾದರೂ ಕೊನೆವರೆಗೆ ನಿಲ್ಲದೆ ಹೋಗಬೇಕು. ಹೋಗದಿದ್ದರೆ ಸ್ಕೋರ್ ಕಪಾಟಿಗೆ. ಮಕ್ಕಳಿಗೆ "ಇದು ಮುಂದಿನ ವರ್ಷಕ್ಕೆ" ಅನ್ನಿ. ದುಡ್ಡು ಕೊಟ್ಟಿದ್ದೇವೆ ಅಂತ ಎಳೆದಾಡಬೇಡಿ. ನಾನು ಹಾಗೆ ಎಳೆದದ್ದಕ್ಕೆ ಒಬ್ಬ ಹುಡುಗ ಒಂದು ತಿಂಗಳು ಟ್ರಂಪೆಟ್ ಮುಟ್ಟಲಿಲ್ಲ.

ಕಾರ್ಯಕ್ರಮದಲ್ಲಿ ಹನ್ನೆರಡು ನಿಮಿಷ ಸಾಕು. ಮೊದಲು ಎರಡು ಸ್ವರದ ಬ್ಲೂಸ್, ಕೈ ಬೆಚ್ಚಗಾಗಲಿ. ನಡುವೆ ಸಮ ನಡೆಯದ್ದು. ಕೊನೆಗೆ ಐದು ಸ್ವರದ "ಸೇಂಟ್ಸ್". ಅದರ ಕೊನೆಯ ಸುತ್ತಿನಲ್ಲಿ ಡ್ರಮ್ಸ್ ಬಿಟ್ಟು ಎಲ್ಲರೂ ವಾದ್ಯ ಇಳಿಸಿ ಹಾಡಲಿ. ಸಭೆಯೂ ಸೇರಿಕೊಳ್ಳುತ್ತದೆ.

ಮರುವಾರ ಮಕ್ಕಳ ಕೈಗೆ ಒಂದೊಂದು ಚೀಟಿ ಕೊಡಿ. "ಮನೆಯಲ್ಲಿ, ದಾರಿಯಲ್ಲಿ ನೀನು ಗುನುಗಿದ್ದು ಯಾವ ಟ್ಯೂನ್?" ಅಂತ ಕೇಳಿ ಬರೆಸಿ. ನಾವು ನುಡಿಸದ ಟ್ಯೂನ್ ಆದರೂ ಪರವಾಗಿಲ್ಲ. ಚೀಟಿಗಳನ್ನು ಫೈಲ್‌ಗೆ ಹಾಕಿಡಿ. ಜೂನ್‌ನಲ್ಲಿ ಹೊಸ ಟ್ಯೂನ್ ಹುಡುಕಲು ಕೂತಾಗ ಮೊದಲು ಆ ಫೈಲ್ ತೆಗೆಯಿರಿ.